ಒಂದು ಗ್ರೇ ಬಿದ್ದಾಗ ಜೀವಕೋಶದೊಳಗೆ ಏನಾಗುತ್ತದೆ

70 ಕಿಲೋ ತೂಕದ ವ್ಯಕ್ತಿಯ ಇಡೀ ಮೈಗೆ 4 ಗ್ರೇ (ಒಂದು ಗ್ರೇ ಎಂದರೆ ಪ್ರತಿ ಕಿಲೋಗೆ ಒಂದು ಜೂಲ್) ಗಾಮಾ ವಿಕಿರಣ ತಗುಲಿದರೆ ಒಳಸೇರುವ ಒಟ್ಟು ಶಕ್ತಿ 280 ಜೂಲ್. ಅದೇ ವ್ಯಕ್ತಿ ಎರಡು ಮೆಟ್ಟಿಲು ಹತ್ತುವಾಗ ತನ್ನ ಮೈಯನ್ನು ಮೇಲೆತ್ತಲು ಮಾಡುವ ಕೆಲಸವೂ ಹೆಚ್ಚುಕಡಿಮೆ ಅಷ್ಟೇ. ಇಷ್ಟು ಶಕ್ತಿಯಿಂದ ಮೈಯ ಉಷ್ಣತೆ ಏರುವುದು ಒಂದು ಡಿಗ್ರಿಯ ಸಾವಿರದಲ್ಲೊಂದು ಪಾಲು. ಆದರೂ ಚಿಕಿತ್ಸೆ ಸಿಗದಿದ್ದರೆ ಇಷ್ಟು ಡೋಸ್ ಪಡೆದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಎರಡು ತಿಂಗಳೊಳಗೆ ಸಾಯುತ್ತಾರೆ. ಭೌತಶಾಸ್ತ್ರದ ಕಡೆಯಿಂದ ಬಂದ ವಿದ್ಯಾರ್ಥಿ ಮೊದಲು ತೊಡರುವುದು ಇಲ್ಲೇ. ಎಷ್ಟು ಶಕ್ತಿ ಎಂಬ ಒಂದೇ ಲೆಕ್ಕ ಹಿಡಿದು ಹೊರಟರೆ ಈ ಸಾವಿಗೆ ಕಾರಣ ಸಿಗುವುದಿಲ್ಲ. ಶಕ್ತಿ ಕೋಶದ ಯಾವ ಭಾಗದಲ್ಲಿ ಬಿತ್ತು, ಎಷ್ಟು ಒತ್ತೊತ್ತಾಗಿ ಬಿತ್ತು, ಆ ಹೊತ್ತಿಗೆ ಕೋಶ ಏನು ಮಾಡುತ್ತಿತ್ತು, ಮುಂದೆ ಅದು ವಿಭಜನೆಯಾಗಬೇಕಿತ್ತೇ ಎಂಬುದನ್ನು ಕೇಳಬೇಕಾಗುತ್ತದೆ.

ಪಿಯುಸಿ ಪುಸ್ತಕದ ಕೋಶದ ಚಿತ್ರ ಎಲ್ಲರಿಗೂ ನೆನಪಿರುತ್ತದೆ: ಸುತ್ತ ಪೊರೆ, ಒಳಗೆ ಹತ್ತು ಹನ್ನೆರಡು ಕಣದಂಗಗಳು, ಪ್ರತಿಯೊಂದಕ್ಕೂ ಒಂದು ಬಾಣದ ಗುರುತು. ಆ ಚಿತ್ರದಲ್ಲಿ ಎಲ್ಲಕ್ಕೂ ಒಂದೇ ಬೆಲೆ. ವಿಕಿರಣ ಓದುವವರು ಆ ಸಮಾನತೆಯನ್ನು ಬಿಡಬೇಕು. ಕೋಶದ ತೂಕದಲ್ಲಿ ನೂರಕ್ಕೆ ಸುಮಾರು 70 ಪಾಲು ನೀರು. ಪೊರೆಯ ಅಣುಗಳು, ರೈಬೋಸೋಮ್, ಪ್ರೋಟೀನುಗಳು, ಇವೆಲ್ಲ ಒಂದರಂತೆ ಇನ್ನೊಂದು ಸಾವಿರ, ಲಕ್ಷಗಳ ಲೆಕ್ಕದಲ್ಲಿರುತ್ತವೆ. ಹತ್ತು ರೈಬೋಸೋಮ್ ಹಾಳಾದರೆ ಕೋಶಕ್ಕೆ ಗೊತ್ತೂ ಆಗದು, ಬದಲಿ ತಯಾರಾಗುತ್ತದೆ. ಮೈಟೋಕಾಂಡ್ರಿಯಾಕ್ಕೆ ತನ್ನದೇ 16,569 ಬೇಸ್ ಜೋಡಿಗಳ (ಅದರ ಬರಹದ ಅಕ್ಷರಗಳ) ಪುಟ್ಟ ಡಿಎನ್‌ಎ ಇದೆ, ಆದರೆ ಅದರ ಪ್ರತಿಗಳೂ ಕೋಶವೊಂದರಲ್ಲಿ ನೂರಾರು, ಸಾವಿರಾರು. ಕೋಶಕೇಂದ್ರದ ಡಿಎನ್‌ಎ ಮಾತ್ರ ಹಾಗಲ್ಲ. ತಾಯಿಯಿಂದ ಒಂದು, ತಂದೆಯಿಂದ ಒಂದು, ಒಟ್ಟು ಎರಡೇ ಪ್ರತಿ. ಬದಲಿ ಮಾಡಿಕೊಡುವ ಅಚ್ಚು ಬೇರೆಲ್ಲೂ ಇಲ್ಲ.

ಇದು ಬರೀ ತರ್ಕವಲ್ಲ, ಪ್ರಯೋಗದಲ್ಲಿ ಕಂಡದ್ದು. 1970ರಲ್ಲಿ ಪ್ರಕಟವಾದ ಒಂದು ಕೆಲಸದಲ್ಲಿ ಸೂಕ್ಷ್ಮ ಸೂಜಿಯ ತುದಿಗೆ ಆಲ್ಫಾ ಕಣ ಸೂಸುವ ಪೊಲೋನಿಯಂ ಹಚ್ಚಿ, ಚೀನೀ ಹ್ಯಾಮ್‌ಸ್ಟರಿನ ಕೋಶಗಳ ಹತ್ತಿರ ಹಿಡಿದರು. ಆಲ್ಫಾ ಕಣ ಅಂಗಾಂಶದಲ್ಲಿ ಕೆಲವೇ ಹತ್ತು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದೂರ ಹೋಗುವುದರಿಂದ, ಸೂಜಿಯನ್ನು ಸರಿಯಾದ ಜಾಗದಲ್ಲಿ ಇಟ್ಟರೆ ಕೋಶದ್ರವ್ಯಕ್ಕೆ ಮಾತ್ರ ಹೊಡೆಯಬಹುದು, ಕೇಂದ್ರವನ್ನು ಬಿಡಬಹುದು. ಕೋಶದ್ರವ್ಯಕ್ಕೆ ನೂರಾರು ಗ್ರೇ ಸುರಿದರೂ ಕೋಶ ವಿಭಜನೆ ಮುಂದುವರಿಸಿತು. ಕೇಂದ್ರಕ್ಕೆ ತಗುಲಿದಾಗ ಕೆಲವೇ ಆಲ್ಫಾ ಕಣಗಳಿಗೆ ಕೋಶ ಮುಗಿಯಿತು. ಕೋಶದ್ರವ್ಯಕ್ಕೆ ಬಿದ್ದ ವಿಕಿರಣ ಪಕ್ಕದ ಕೋಶಗಳಿಗೂ ಸಂಕೇತ ದಾಟಿಸಬಲ್ಲದು ಎಂದು ನಂತರದ ಕೆಲಸಗಳು ತೋರಿಸಿವೆ. ಆದರೆ ಕೋಶ ಸಾಯುವ ವಿಚಾರದಲ್ಲಿ ಮೊದಲ ಗುರಿ ಕೇಂದ್ರದ ಡಿಎನ್‌ಎ ಎಂಬುದು ಬದಲಾಗಿಲ್ಲ.

ಗುರಿಯ ಅಳತೆಗಳನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು, ಮುಂದೆ ಎಲ್ಲ ಲೆಕ್ಕಕ್ಕೂ ಇವೇ ಬೇಕು. ಮನುಷ್ಯನ ಸಾಧಾರಣ ಕೋಶದ ಅಡ್ಡಳತೆ 10ರಿಂದ 20 ಮೈಕ್ರಾನ್, ಕೇಂದ್ರದ್ದು 5ರಿಂದ 10 ಮೈಕ್ರಾನ್. ಅದರೊಳಗೆ 46 ವರ್ಣತಂತುಗಳು, ಸುಮಾರು 640 ಕೋಟಿ ಬೇಸ್ ಜೋಡಿಗಳು. ಬಿಡಿಸಿ ಉದ್ದಕ್ಕೆ ಜೋಡಿಸಿದರೆ ಎರಡು ಮೀಟರ್. ಸುರುಳಿಯ ದಪ್ಪ ಕೇವಲ 2 ನ್ಯಾನೋಮೀಟರ್. ಈ ದಾರ ಉಂಡೆಯೊಂದಕ್ಕೆ 147 ಬೇಸ್ ಜೋಡಿಯಂತೆ ಹಿಸ್ಟೋನ್ ಪ್ರೋಟೀನುಗಳ ಉಂಡೆಗಳಿಗೆ ಸುತ್ತಿಕೊಂಡು, ಮತ್ತೆ ಮಡಿಕೆ ಮಡಿಕೆಯಾಗಿ ಕೂತಿರುತ್ತದೆ. 2 ನ್ಯಾನೋಮೀಟರ್ ಎಂಬ ಅಳತೆಯನ್ನು ವಿಶೇಷವಾಗಿ ಗುರುತಿಟ್ಟುಕೊಳ್ಳಿ.

ಐವತ್ತು ಸಾವಿರದಿಂದ ನಲವತ್ತಕ್ಕೆ

ಈಗ ಲೆಕ್ಕ ಹಾಕೋಣ. 8 ಮೈಕ್ರಾನ್ ಅಡ್ಡಳತೆಯ ಕೇಂದ್ರದ ಗಾತ್ರ ಸುಮಾರು 268 ಘನ ಮೈಕ್ರಾನ್. ನೀರಿನ ಸಾಂದ್ರತೆ ಹಿಡಿದರೆ, 1 ಗ್ರೇ ಡೋಸಿನಲ್ಲಿ ಅದರೊಳಗೆ ಬೀಳುವ ಶಕ್ತಿ ಸುಮಾರು 16.7 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಒಂದು ಅಯಾನೀಕರಣಕ್ಕೆ, ಅಂದರೆ ಅಣುವಿನಿಂದ ಒಂದು ಎಲೆಕ್ಟ್ರಾನ್ ಕಿತ್ತುಹಾಕಲು, ಸರಾಸರಿ 33 ಎಲೆಕ್ಟ್ರಾನ್ ವೋಲ್ಟ್ ಖರ್ಚಾಗುತ್ತದೆ ಎಂದುಕೊಂಡರೆ, ಒಂದೇ ಕೇಂದ್ರದಲ್ಲಿ ಸುಮಾರು 50 ಸಾವಿರ ಅಯಾನೀಕರಣಗಳು. ಇಂಗಾಲದ ಎರಡು ಪರಮಾಣುಗಳ ನಡುವಿನ ಇಬ್ಬಂಧ ಮುರಿಯಲು ಇದಕ್ಕಿಂತ ಬಹಳ ಕಡಿಮೆ ಶಕ್ತಿ ಸಾಕು. ಅಂದರೆ ಬಿದ್ದಲ್ಲೆಲ್ಲ ರಾಸಾಯನಿಕ ಬಂಧ ಮುರಿಯುವಷ್ಟು ಶಕ್ತಿ ಇದೆ.

ಕೇಂದ್ರದಲ್ಲೂ ಹೆಚ್ಚಿನದು ನೀರೇ. ಹಾಗಾಗಿ ಬಹುಪಾಲು ಹೊಡೆತ ನೀರಿನ ಅಣುವಿಗೆ. ಅದು ಎಲೆಕ್ಟ್ರಾನ್ ಕಳೆದುಕೊಂಡು, ಪಕ್ಕದ ನೀರಿನ ಅಣುವಿನೊಡನೆ ಸೇರಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಆಗುತ್ತದೆ. ಜೋಡಿಯಿಲ್ಲದ ಒಂದು ಎಲೆಕ್ಟ್ರಾನ್ ಇರುವ ಈ ರ‍್ಯಾಡಿಕಲ್ ಮೊದಲು ಸಿಕ್ಕಿದ್ದರ ಮೇಲೆ ಎರಗುತ್ತದೆ. ಕೋಶದೊಳಗೆ ಅದರ ಆಯುಸ್ಸು ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನ ಆಸುಪಾಸು, ಸಾಗುವ ದೂರ ಕೆಲವೇ ನ್ಯಾನೋಮೀಟರ್. ದೂರದಲ್ಲೆಲ್ಲೋ ಹುಟ್ಟಿದ ರ‍್ಯಾಡಿಕಲ್ ತೇಲಿಬಂದು ಡಿಎನ್‌ಎಯನ್ನು ಕಡಿಯುತ್ತದೆ ಎಂದು ಬಿಡಿಸುವ ಚಿತ್ರ ತಪ್ಪು ಕಲ್ಪನೆ ಕೊಡುತ್ತದೆ. ಡಿಎನ್‌ಎಗೆ ಅಂಟಿಕೊಂಡಂತಿರುವ ತೆಳು ನೀರಿನ ಕವಚದಲ್ಲಿ ಹುಟ್ಟಿದ್ದು ಮಾತ್ರ ತಲುಪೀತು. ಎಕ್ಸ್‌ರೇ ಮತ್ತು ಗಾಮಾದಿಂದ ಆಗುವ ಹಾನಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಈ ಪರೋಕ್ಷ ದಾರಿಯದು. ಉಳಿದದ್ದು ಎಲೆಕ್ಟ್ರಾನ್ ನೇರವಾಗಿ ಡಿಎನ್‌ಎಗೇ ತಗುಲಿ ಆದದ್ದು.

50 ಸಾವಿರ ಅಯಾನೀಕರಣಗಳ ಕೊನೆಯ ಫಲಿತಾಂಶ ಹೀಗಿರುತ್ತದೆ. ಸಾವಿರಕ್ಕೂ ಹೆಚ್ಚು ಬೇಸ್‌ಗಳು ಕೆಡುತ್ತವೆ. ಸುಮಾರು ಸಾವಿರ ಕಡೆ ಸುರುಳಿಯ ಎರಡು ಎಳೆಗಳಲ್ಲಿ ಒಂದು ಮುರಿಯುತ್ತದೆ. ಎರಡೂ ಎಳೆಗಳು ಒಂದೇ ಜಾಗದಲ್ಲಿ ಮುರಿಯುವುದು 40ರ ಆಸುಪಾಸು ಮಾತ್ರ.

ಸಂಖ್ಯೆ ನೋಡಿದರೆ ಮೊದಲೆರಡಕ್ಕೆ ಹೆದರಬೇಕು ಅನಿಸುತ್ತದೆ. ಆದರೆ ವಿಕಿರಣವೇ ಇಲ್ಲದಾಗಲೂ, ಉಸಿರಾಟದ ರಾಸಾಯನಿಕ ಕ್ರಿಯೆಗಳಿಂದಲೇ ಪ್ರತಿ ಕೋಶದಲ್ಲಿ ದಿನಕ್ಕೆ ಹತ್ತು ಸಾವಿರದ ಲೆಕ್ಕದಲ್ಲಿ ಇಂಥ ಸಣ್ಣ ಗಾಯಗಳಾಗುತ್ತವೆ. ಅವನ್ನು ಸರಿಪಡಿಸುವ ವ್ಯವಸ್ಥೆ ಸದಾ ಸಿದ್ಧ. ಕೆಟ್ಟ ಬೇಸನ್ನು ಗ್ಲೈಕೋಸೈಲೇಸ್ ಎಂಬ ಕಿಣ್ವ ಕಿತ್ತುಹಾಕುತ್ತದೆ, ಇನ್ನೊಂದು ಕಿಣ್ವ ಅಲ್ಲಿ ಎಳೆಯನ್ನು ಕತ್ತರಿಸುತ್ತದೆ, ಪಾಲಿಮರೇಸ್ ಬೀಟಾ ಖಾಲಿ ಜಾಗ ತುಂಬುತ್ತದೆ, ಲೈಗೇಸ್ ಬೆಸೆಯುತ್ತದೆ. ಎದುರಿನ ಎಳೆ ಸರಿಯಿರುವುದರಿಂದ ಅದನ್ನೇ ನೋಡಿ ಬರೆದುಕೊಂಡರಾಯಿತು, ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಹಿಮದ ಮೇಲಿಟ್ಟ ಕೋಶಗಳಿಗೆ ಹೈಡ್ರೋಜನ್ ಪೆರಾಕ್ಸೈಡ್ ಕೊಟ್ಟರೆ ಒಂಟಿ ಎಳೆ ಮುರಿತಗಳು ಸಾವಿರಗಟ್ಟಲೆ ಹುಟ್ಟುತ್ತವೆ, ಆದರೂ ಕೋಶಗಳು ಬದುಕುತ್ತವೆ. ಅಷ್ಟೇ ಸಂಖ್ಯೆಯ ಮುರಿತವನ್ನು ಎಕ್ಸ್‌ರೇಯಿಂದ ಮಾಡಿದರೆ ಸಾಯುತ್ತವೆ. ಪೆರಾಕ್ಸೈಡ್ ಮಾಡುವ ಗಾಯಗಳು ಉದ್ದಕ್ಕೂ ಚದುರಿ ಬೀಳುತ್ತವೆ. ವಿಕಿರಣದ್ದು ಗುಂಪಾಗಿ ಬೀಳುತ್ತವೆ, ಏಕೆಂದರೆ ಎಲೆಕ್ಟ್ರಾನ್ ತನ್ನ ಹಾದಿಯ ಕೊನೆಯಲ್ಲಿ ನಿಧಾನವಾದಂತೆ ಕೆಲವೇ ನ್ಯಾನೋಮೀಟರುಗಳೊಳಗೆ ಹಲವು ಅಯಾನೀಕರಣ ಮಾಡುತ್ತದೆ. ಅಲ್ಲಿ ಎರಡು ಎಳೆಗಳೂ ಮುರಿದು, ಅಕ್ಕಪಕ್ಕದ ಬೇಸ್‌ಗಳೂ ಕೆಟ್ಟು, ನೋಡಿ ಬರೆಯಲು ಸರಿಯಾದ ಎಳೆಯೇ ಉಳಿದಿರುವುದಿಲ್ಲ.

ಮೇಲೆ ಹೇಳಿದ 2 ನ್ಯಾನೋಮೀಟರ್ ಇಲ್ಲಿ ಬೇಕಾಗುತ್ತದೆ. ಕೋಬಾಲ್ಟ್-60 ಗಾಮಾದ ಎಲ್‌ಇಟಿ, ಅಂದರೆ ಕಣ ಸಾಗುವ ಪ್ರತಿ ಮೈಕ್ರಾನಿಗೆ ಬಿಟ್ಟುಹೋಗುವ ಶಕ್ತಿ, ಸುಮಾರು 0.2 ಕಿಲೋ ಎಲೆಕ್ಟ್ರಾನ್ ವೋಲ್ಟ್. ಅಯಾನೀಕರಣಗಳು ದೂರದೂರ, ಒಂದೇ ಜಾಗದಲ್ಲಿ ಎರಡು ಎಳೆ ಕಡಿಯುವುದು ಅಪರೂಪ. ಎಲ್‌ಇಟಿ 100ರ ಹತ್ತಿರ ಬಂದಾಗ ಎರಡು ಅಯಾನೀಕರಣಗಳ ನಡುವಿನ ಸರಾಸರಿ ಅಂತರ ಸುರುಳಿಯ ದಪ್ಪಕ್ಕೆ ಸರಿಹೊಂದುತ್ತದೆ. ಒಂದೇ ಕಣ ಹಾದುಹೋಗುತ್ತ ಎರಡೂ ಎಳೆಯನ್ನು ಕಡಿಯುವ ಸಾಧ್ಯತೆ ಅಲ್ಲಿ ಅತಿ ಹೆಚ್ಚು. ಅದಕ್ಕೂ ಮೇಲೆ ಹೋದರೆ ಕಡಿಯಲು ಬೇಕಾದ್ದಕ್ಕಿಂತ ಹೆಚ್ಚು ಶಕ್ತಿ ಒಂದೇ ಕಡೆ ಬಿದ್ದು ವ್ಯರ್ಥವಾಗುತ್ತದೆ, ಪ್ರತಿ ಗ್ರೇಗೆ ಲೆಕ್ಕ ಹಾಕಿದ ಪರಿಣಾಮ ಇಳಿಯುತ್ತದೆ. ಆಲ್ಫಾ ಕಣಕ್ಕೆ ವಿಕಿರಣ ತೂಕಾಂಕ (ಅಷ್ಟೇ ಡೋಸಿನ ಗಾಮಾಕ್ಕಿಂತ ಎಷ್ಟು ಪಟ್ಟು ಹಾನಿ ಎಂಬ ಅಂಕ) 20 ಎಂದು ಕೋಷ್ಟಕದಲ್ಲಿ ಓದುವಾಗ ಅದರ ಹಿಂದೆ ಇರುವುದು ಈ ಅಂತರದ ಜ್ಯಾಮಿತಿ.

ಬೆಸೆಯುವ ಎರಡು ದಾರಿ

ಎರಡೆಳೆ ಮುರಿತ ಆದ ಕೆಲವೇ ನಿಮಿಷಗಳಲ್ಲಿ ಎಟಿಎಂ ಎಂಬ ಪ್ರೋಟೀನು ಎಚ್ಚೆತ್ತು, ಮುರಿತದ ಎರಡೂ ಬದಿಯ ಎಚ್2ಎಎಕ್ಸ್ ಹಿಸ್ಟೋನಿನ 139ನೇ ಸೆರಿನ್‌ಗೆ ಫಾಸ್ಫೇಟ್ ಅಂಟಿಸುತ್ತದೆ. ಈ ಗುರುತು ಮುರಿತದಿಂದ ಲಕ್ಷಾಂತರ ಬೇಸ್ ಜೋಡಿಗಳಷ್ಟು ದೂರ ಹರಡುವುದರಿಂದ, ಹೊಳೆಯುವ ಪ್ರತಿಕಾಯ ಹಚ್ಚಿ ನೋಡಿದರೆ ಸೂಕ್ಷ್ಮದರ್ಶಕದಲ್ಲಿ ಚುಕ್ಕೆಯಾಗಿ ಕಾಣುತ್ತದೆ. ಗಾಮಾ-ಎಚ್2ಎಎಕ್ಸ್ ಚುಕ್ಕೆ ಎಣಿಸುವುದು ಎಂದರೆ ಇದೇ. ಚುಕ್ಕೆಗಳು ಅರ್ಧ ಗಂಟೆಯ ಹೊತ್ತಿಗೆ ಅತಿ ಹೆಚ್ಚು, ಒಂದು ದಿನದಲ್ಲಿ ಬಹುತೇಕ ಮಾಯ. ಆದ್ದರಿಂದ ಮಾದರಿ ತೆಗೆದ ಸಮಯ ಬರೆದಿಡದ ಎಣಿಕೆಗೆ ಅರ್ಥವಿಲ್ಲ. ಎಸ್ ಹಂತದಲ್ಲಿರುವ, ಅಂದರೆ ವರ್ಣತಂತುಗಳನ್ನು ಇಮ್ಮಡಿ ಮಾಡಿಕೊಳ್ಳುತ್ತಿರುವ, ಕೋಶಗಳಲ್ಲಿ ವಿಕಿರಣ ಇಲ್ಲದೆಯೂ ಚುಕ್ಕೆಗಳಿರುತ್ತವೆ ಎಂಬುದನ್ನು ಹೊಸಬರು ಮರೆತು ಮೋಸ ಹೋಗುವುದುಂಟು.

ಮುರಿದ ತುದಿಗಳನ್ನು ಕೂಡಿಸಲು ಮನುಷ್ಯ ಕೋಶದಲ್ಲಿ ಮುಖ್ಯವಾಗಿ ಎರಡು ದಾರಿ. ಮೊದಲನೆಯದು ತುದಿಗೆ ತುದಿ ಬೆಸೆಯುವುದು. ಕೆಯು70 ಮತ್ತು ಕೆಯು80 ಪ್ರೋಟೀನುಗಳ ಜೋಡಿ ಬಳೆಯಂತೆ ತುದಿಗೆ ತೊಡಿಸಿಕೊಳ್ಳುತ್ತದೆ, ಡಿಎನ್‌ಎ-ಪಿಕೆ ಬರುತ್ತದೆ, ಆರ್ಟೆಮಿಸ್ ಕೆಟ್ಟ ತುದಿಯನ್ನು ಕತ್ತರಿಸಿ ಹದಮಾಡುತ್ತದೆ, ಲೈಗೇಸ್-4 ಬೆಸೆಯುತ್ತದೆ. ಕೋಶದ ಎಲ್ಲ ಹಂತಗಳಲ್ಲೂ ಇದು ಲಭ್ಯ, ಬೇಗವೂ ಆಗುತ್ತದೆ. ತುದಿ ಕತ್ತರಿಸುವಾಗ ಕೆಲವು ಅಕ್ಷರ ಕಳೆದುಹೋಗಬಹುದು. ಅದಕ್ಕಿಂತ ದೊಡ್ಡ ಅಪಾಯ ಬೇರೆಯೇ ಇದೆ: ಹತ್ತಿರದಲ್ಲಿ ಇನ್ನೊಂದು ವರ್ಣತಂತುವೂ ಮುರಿದಿದ್ದರೆ, ಯಾವ ತುದಿ ಯಾರದ್ದು ಎಂದು ಈ ಯಂತ್ರಕ್ಕೆ ತಿಳಿಯುವುದಿಲ್ಲ.

ಎರಡನೆಯದು ನಕಲು ನೋಡಿ ಬರೆಯುವ ದಾರಿ. ಡಿಎನ್‌ಎ ಇಮ್ಮಡಿಯಾದ ಮೇಲೆ ಪಕ್ಕದಲ್ಲೇ ಅದೇ ಬರಹದ ಅವಳಿ ಇರುತ್ತದೆ. ಬಿಆರ್‌ಸಿಎ1, ಬಿಆರ್‌ಸಿಎ2, ಆರ್‌ಎಡಿ51 ಎಂಬ ಪ್ರೋಟೀನುಗಳು ಸೇರಿ ಮುರಿದ ತುದಿಯನ್ನು ಅವಳಿಯೊಳಗೆ ನುಗ್ಗಿಸಿ, ಕಳೆದದ್ದನ್ನು ಅಲ್ಲಿಂದ ಬರೆದುಕೊಳ್ಳುತ್ತವೆ. ತಪ್ಪು ತೀರ ಕಡಿಮೆ, ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ, ಎಸ್ ಹಂತದ ಕೊನೆ ಮತ್ತು ವಿಭಜನೆಗೆ ಮುಂಚಿನ ಜಿ2 ಹಂತದಲ್ಲಿ ಮಾತ್ರ ಸಾಧ್ಯ. ಎಟಿಎಂ ವಂಶವಾಹಿಯ ಎರಡು ಪ್ರತಿಗಳೂ ಕೆಟ್ಟು ಹುಟ್ಟುವ ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ರೋಗಿಗಳಿಗೆ ಸಾಮಾನ್ಯ ರೇಡಿಯೋಥೆರಪಿ ಡೋಸ್ ಕೊಟ್ಟರೆ ಆರೋಗ್ಯವಂತ ಅಂಗಾಂಶ ತಡೆಯುವುದಿಲ್ಲ. ಡೋಸ್ ಯಂತ್ರದ ಸಂಖ್ಯೆ ಅಷ್ಟೇ, ಪರಿಣಾಮ ತೀರ್ಮಾನಿಸುವುದು ಕೋಶದ ದುರಸ್ತಿ ಶಕ್ತಿ ಎಂಬುದಕ್ಕೆ ಇದಕ್ಕಿಂತ ಕಟು ಉದಾಹರಣೆ ಬೇಡ.

ಯಾವ ಹಂತದಲ್ಲಿದ್ದಾಗ ಬಿತ್ತು

ಪ್ರಯೋಗಾಲಯದಲ್ಲಿ ಬೆಳೆಯುವ ಹೀಲಾ ಎಂಬ ಕ್ಯಾನ್ಸರ್ ಕೋಶದ ವಿಭಜನಾ ಚಕ್ರ ಸುಮಾರು 24 ಗಂಟೆ: ಹಿಂದಿನ ವಿಭಜನೆ ಮುಗಿದ ಮೇಲಿನ ಜಿ1 ಸುಮಾರು 11, ಡಿಎನ್‌ಎ ಇಮ್ಮಡಿಯಾಗುವ ಎಸ್ 8, ಜಿ2 4, ವಿಭಜನೆಯ ಎಂ ಹಂತ ಒಂದೇ ಗಂಟೆ. ದೇಹದೊಳಗೆ ಕೋಶದಿಂದ ಕೋಶಕ್ಕೆ ಜಿ1 ಭಾರಿ ಬದಲಾಗುತ್ತದೆ, ಉಳಿದವು ಅಷ್ಟಾಗಿ ಬದಲಾಗವು. 1963ರಲ್ಲಿ ತೆರಾಸಿಮಾ ಮತ್ತು ಟೋಲ್ಮಾಕ್ ಒಂದು ಸರಳ ಉಪಾಯ ಬಳಸಿದರು. ವಿಭಜನೆಯ ಹೊತ್ತಿಗೆ ಕೋಶ ದುಂಡಗಾಗಿ ತಟ್ಟೆಯ ತಳವನ್ನು ಸಡಿಲವಾಗಿ ಹಿಡಿದಿರುತ್ತದೆ. ತಟ್ಟೆಯನ್ನು ಮೆಲ್ಲನೆ ಅಲುಗಿಸಿದರೆ ಎಂ ಹಂತದವು ಮಾತ್ರ ಕಳಚಿ ಬರುತ್ತವೆ. ಅವನ್ನು ಬೇರೆ ಬೆಳೆಸಿ, ಗಂಟೆಗಂಟೆಗೆ ಒಂದಷ್ಟಕ್ಕೆ ಒಂದೇ ಡೋಸ್ ಕೊಟ್ಟು ನೋಡಿದಾಗ ಬದುಕುಳಿಯುವ ಪಾಲು ಏರಿಳಿಯಿತು. ಎಂ ಮತ್ತು ಜಿ2 ಅತಿ ಸೂಕ್ಷ್ಮ, ಎಸ್ ಹಂತದ ಕೊನೆ ಅತಿ ಗಟ್ಟಿ. ಎಸ್ ಕೊನೆಯಲ್ಲಿ ಅವಳಿ ಪ್ರತಿ ಇದೆ, ನಕಲು ನೋಡಿ ಸರಿಪಡಿಸಲು ಸಮಯವೂ ಇದೆ. ಎಂ ಹಂತದಲ್ಲಿ ಡಿಎನ್‌ಎ ಬಿಗಿಯಾಗಿ ಮಡಿಚಿಕೊಂಡು ದುರಸ್ತಿ ನಿಂತೇ ಹೋಗಿರುತ್ತದೆ.

ಈ ಕಾರಣಕ್ಕೇ ಕೋಶದಲ್ಲಿ ತಡೆಗಟ್ಟೆಗಳಿವೆ. ಮುರಿತ ಕಂಡ ಎಟಿಎಂ ಪಿ53 ಪ್ರೋಟೀನನ್ನು ಎಬ್ಬಿಸುತ್ತದೆ, ಪಿ53 ಪಿ21 ಎಂಬ ಇನ್ನೊಂದನ್ನು ತಯಾರು ಮಾಡಿಸುತ್ತದೆ, ಪಿ21 ಕೋಶವನ್ನು ಜಿ1ನಲ್ಲೇ ನಿಲ್ಲಿಸುತ್ತದೆ. ಜಿ2ನಲ್ಲಿ ಸಿಎಚ್‌ಕೆ1 ಮತ್ತು ಸಿಎಚ್‌ಕೆ2 ಎಂಬ ಪ್ರೋಟೀನುಗಳು ಅದೇ ಕೆಲಸ ಮಾಡುತ್ತವೆ. ಅನೇಕ ಗೆಡ್ಡೆಗಳಲ್ಲಿ ಪಿ53 ಕೆಟ್ಟಿರುತ್ತದೆ. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಅವರ ಗರ್ಭಕಂಠದ ಗೆಡ್ಡೆಯಿಂದ ತೆಗೆದ ಹೀಲಾ ಕೋಶಗಳಲ್ಲಿ ಪ್ಯಾಪಿಲೋಮಾ ವೈರಸ್ಸಿನ ಪ್ರೋಟೀನೊಂದು ಪಿ53 ಅನ್ನು ನಾಶ ಮಾಡುತ್ತಲೇ ಇರುತ್ತದೆ, ವರ್ಣತಂತುಗಳೂ 46ಕ್ಕಿಂತ ಬಹಳ ಹೆಚ್ಚು. ಹೀಲಾದಲ್ಲಿ ಕಂಡದ್ದನ್ನೆಲ್ಲ ಆರೋಗ್ಯವಂತ ಮನುಷ್ಯನ ಕೋಶಕ್ಕೆ ಹಾಗೇ ಹೊಂದಿಸುವುದು ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಪದೇ ಪದೇ ಕಾಣುವ ತಪ್ಪು.

ತಪ್ಪಾಗಿ ಕೂಡಿದ ತುದಿಗಳು

ಜಿ1ನಲ್ಲಿ ಎರಡು ವರ್ಣತಂತುಗಳು ಮುರಿದು, ಸೆಂಟ್ರೊಮಿಯರ್ (ವಿಭಜನೆಯಲ್ಲಿ ವರ್ಣತಂತುವನ್ನು ಹಿಡಿದೆಳೆಯುವ ಜಾಗ) ಇರುವ ತುಂಡುಗಳೆರಡೂ ಪರಸ್ಪರ ಬೆಸೆದುಕೊಂಡವು ಎಂದುಕೊಳ್ಳಿ. ಈಗ ಒಂದೇ ವರ್ಣತಂತುವಿಗೆ ಎರಡು ಸೆಂಟ್ರೊಮಿಯರ್. ಇದೇ ಡೈಸೆಂಟ್ರಿಕ್. ಉಳಿದ ತುಂಡಿಗೆ ಸೆಂಟ್ರೊಮಿಯರೇ ಇಲ್ಲ. ವಿಭಜನೆಯ ಹೊತ್ತಿಗೆ ಒಂದು ಸೆಂಟ್ರೊಮಿಯರನ್ನು ಈ ಧ್ರುವವೂ ಇನ್ನೊಂದನ್ನು ಆ ಧ್ರುವವೂ ಎಳೆದರೆ ನಡುವೆ ಸೇತುವೆಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಬಿಡಿ ತುಂಡು ಎತ್ತಲೂ ಹೋಗದೆ ಕಳೆದುಹೋಗಿ ಸೂಕ್ಷ್ಮಕೇಂದ್ರವಾಗುತ್ತದೆ. ಕೋಶ ಆ ವಿಭಜನೆಯಲ್ಲೋ, ಮುಂದಿನದರಲ್ಲೋ ಸಾಯುತ್ತದೆ. ಬದಲಿಗೆ, ಸೆಂಟ್ರೊಮಿಯರ್ ಇರುವ ತುಂಡು ಇನ್ನೊಂದರ ಬಿಡಿ ತುಂಡಿಗೆ ಕೂಡಿದರೆ ಸ್ಥಾನಪಲ್ಲಟವಷ್ಟೇ ಆಗುತ್ತದೆ. ಎಳೆದಾಟದಲ್ಲಿ ತೊಂದರೆಯಿಲ್ಲ, ಕೋಶ ಬದುಕುತ್ತದೆ. ಬದುಕುವುದೇ ಇಲ್ಲಿನ ಅಪಾಯ, ಏಕೆಂದರೆ ಜಾಗ ಬದಲಿಸಿದ ವಂಶವಾಹಿ ವರ್ಷಗಳ ನಂತರ ಕ್ಯಾನ್ಸರಿನ ದಾರಿ ಹಿಡಿಸಬಹುದು.

ಡೈಸೆಂಟ್ರಿಕ್ ಎಣಿಸಿ ಡೋಸ್ ಅಂದಾಜಿಸುವುದು ಈ ಶಾಸ್ತ್ರದ ಅತ್ಯಂತ ಉಪಯುಕ್ತ ಪ್ರಯೋಗ. ಡೋಸಿಮೀಟರ್ (ಡೋಸ್ ಅಳೆಯುವ ಬ್ಯಾಡ್ಜ್) ಧರಿಸದವರಿಗೆ ವಿಕಿರಣ ತಗುಲಿದಾಗ ಅವರ ರಕ್ತವೇ ದಾಖಲೆ. 2010ರಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಮಾರುಕಟ್ಟೆಗೆ ಕೋಬಾಲ್ಟ್-60 ಇದ್ದ ಹಳೆಯ ಉಪಕರಣ ಸೇರಿ ಒಬ್ಬರು ಸತ್ತು ಹಲವರು ಆಸ್ಪತ್ರೆ ಸೇರಿದ್ದರು. ಅಂಥ ಕಡೆ ಯಾರ ಎದೆಯ ಮೇಲೂ ಬ್ಯಾಡ್ಜ್ ಇರುವುದಿಲ್ಲ.

ವಿಧಾನ ಹೀಗೆ. ಕೆಲವು ಮಿಲಿಲೀಟರ್ ರಕ್ತವನ್ನು, ಅದು ಗಟ್ಟಿಯಾಗದಂತೆ ತಡೆಯುವ ಹೆಪಾರಿನ್ ಇರುವ ಟ್ಯೂಬಿಗೆ ತೆಗೆಯಬೇಕು. ಇಡಿಟಿಎ ಟ್ಯೂಬು ಬೇಡ, ಅದು ಕ್ಯಾಲ್ಸಿಯಂ ಹಿಡಿದಿಟ್ಟು ಲಿಂಫೋಸೈಟು ಎಂಬ ಬಿಳಿ ರಕ್ತಕಣಗಳನ್ನು ಎಬ್ಬಿಸುವುದಕ್ಕೆ ಅಡ್ಡಿ ಮಾಡುತ್ತದೆ. ಕಳಿಸುವಾಗ 20 ಡಿಗ್ರಿಯ ಆಸುಪಾಸಿನಲ್ಲಿಡಬೇಕು, ಚಳಿಗೆ ಮಂಜುಗಟ್ಟಿದರೆ ಎಲ್ಲ ಮುಗಿಯಿತು. ರಕ್ತದ ಲಿಂಫೋಸೈಟುಗಳು ವಿಭಜನೆಯಿಲ್ಲದೆ ನಿದ್ರಿಸುತ್ತಿರುತ್ತವೆ. ರಾಜ್ಮಾ ಜಾತಿಯ ಕಾಳಿನಿಂದ ತೆಗೆದ ಫೈಟೋಹೀಮಾಗ್ಲುಟಿನಿನ್ ಹಾಕಿ 37 ಡಿಗ್ರಿಯಲ್ಲಿ 48 ಗಂಟೆ ಬೆಳೆಸಿದರೆ ಮೊದಲ ವಿಭಜನೆಗೆ ಬರುತ್ತವೆ. ಕೊನೆಯ ಎರಡು ಮೂರು ಗಂಟೆ ಕೋಲ್ಸೆಮಿಡ್ ಹಾಕಿ, ವರ್ಣತಂತುಗಳು ಬಿಡಿಬಿಡಿಯಾಗಿ ಕಾಣುವ ಮೆಟಾಫೇಸಿನಲ್ಲೇ ನಿಲ್ಲಿಸುತ್ತಾರೆ. ನಂತರ 0.075 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಕೋಶ ಉಬ್ಬಿಸಿ, ಮೂರು ಪಾಲು ಮೆಥನಾಲ್ ಒಂದು ಪಾಲು ಅಸಿಟಿಕ್ ಆಮ್ಲದಲ್ಲಿ ಸ್ಥಿರಗೊಳಿಸಿ, ಗಾಜಿನ ಪಟ್ಟಿಯ ಮೇಲೆ ಹನಿ ಬೀಳಿಸಿ ಜೀಮ್ಸಾ ಬಣ್ಣ ಹಚ್ಚಬೇಕು. ಎಣಿಸುವಾಗ ತುಂಡುಗಳೂ 46, ಸೆಂಟ್ರೊಮಿಯರುಗಳೂ 46 ಇವೆಯೇ ನೋಡಬೇಕು. ಡೈಸೆಂಟ್ರಿಕ್ ಇದ್ದಲ್ಲಿ ಜೊತೆಗೆ ಒಂದು ಬಿಡಿ ತುಂಡು ಇರಲೇಬೇಕು. ಇಲ್ಲದಿದ್ದರೆ ಅದು ಒಂದರ ಮೇಲೊಂದು ಬಿದ್ದ ಎರಡು ವರ್ಣತಂತುಗಳಿರಬಹುದು, ಅಥವಾ ಎರಡನೇ ವಿಭಜನೆಗೆ ದಾಟಿದ ಕೋಶವಿರಬಹುದು. ಎರಡನೇ ವಿಭಜನೆಯ ಹೊತ್ತಿಗೆ ಡೈಸೆಂಟ್ರಿಕ್‌ಗಳಲ್ಲಿ ಬಹಳಷ್ಟು ಕಳೆದುಹೋಗಿರುವುದರಿಂದ ಡೋಸ್ ಕಡಿಮೆ ಅನಿಸುತ್ತದೆ.

ವಿಕಿರಣ ತಗುಲದವರಲ್ಲಿ ಸಾವಿರ ಕೋಶಗಳಿಗೆ ಒಂದರ ಆಸುಪಾಸು ಡೈಸೆಂಟ್ರಿಕ್ ಕಾಣುತ್ತದೆ. 1 ಗ್ರೇ ಗಾಮಾ ಒಮ್ಮೆಲೇ ಬಿದ್ದರೆ ನೂರು ಕೋಶಗಳಲ್ಲಿ ಎಂಟರ ಸುಮಾರು. ಪ್ರತಿ ಪ್ರಯೋಗಾಲಯವೂ ಯಾವ ಡೋಸಿಗೆ ಎಷ್ಟು ಡೈಸೆಂಟ್ರಿಕ್ ಎಂಬ ತನ್ನದೇ ಮಾನಕ ರೇಖೆ ಹಾಕಿಕೊಳ್ಳಬೇಕು, ಬೇರೆಯವರದ್ದನ್ನು ಎರವಲು ತರುವಂತಿಲ್ಲ. 500 ಕೋಶ ಅಥವಾ 100 ಡೈಸೆಂಟ್ರಿಕ್, ಯಾವುದು ಮೊದಲೋ ಅಲ್ಲಿಗೆ ಎಣಿಕೆ ನಿಲ್ಲಿಸುವುದು ರೂಢಿ. ಮೈಯ ಒಂದು ಭಾಗಕ್ಕೆ ಮಾತ್ರ ತಗುಲಿದ್ದರೆ ಹಾನಿಗೊಂಡ ಮತ್ತು ಗೊಳ್ಳದ ಕೋಶ ಬೆರೆತು ಸರಾಸರಿ ಮೋಸ ಮಾಡುತ್ತದೆ. ಕೆಲವು ಕೋಶಗಳಲ್ಲಿ ಎರಡು ಮೂರು, ಉಳಿದವುಗಳಲ್ಲಿ ಸೊನ್ನೆ ಎಂಬ ಹಂಚಿಕೆ ಕಂಡರೆ ಸಂಶಯ ಪಡಬೇಕು. ಅಂದಹಾಗೆ, ಕೋಶಕ್ಕೆ 40 ಎರಡೆಳೆ ಮುರಿತ, ಆದರೆ ನೂರು ಕೋಶಕ್ಕೆ ಎಂಟೇ ಡೈಸೆಂಟ್ರಿಕ್. ದುರಸ್ತಿ ಎಷ್ಟು ಚೆನ್ನಾಗಿ ನಡೆಯುತ್ತದೆ ಎಂಬುದಕ್ಕೆ ಈ ಎರಡು ಸಂಖ್ಯೆ ಸಾಕು.

ಸತ್ತಿದೆ ಎಂದರೆ ಏನು

ವಿಕಿರಣ ಜೀವಶಾಸ್ತ್ರದಲ್ಲಿ ಕೋಶ ಸತ್ತಿದೆ ಎಂದರೆ ಅದು ಕರಗಿಹೋಗಿದೆ ಎಂದಲ್ಲ, ಮಿತಿಯಿಲ್ಲದೆ ವಿಭಜನೆಯಾಗುವ ಶಕ್ತಿ ಕಳೆದುಕೊಂಡಿದೆ ಎಂದು. ಉಸಿರಾಡುತ್ತ, ಪ್ರೋಟೀನು ಮಾಡುತ್ತ, ಒಂದೆರಡು ಬಾರಿ ವಿಭಜನೆಯೂ ಆಗಿ ನಿಂತುಹೋಗುವ ಕೋಶವೂ ಈ ಲೆಕ್ಕದಲ್ಲಿ ಸತ್ತದ್ದೇ. ಹೀಗಾಗಿ ಡೋಸ್ ಕೊಟ್ಟ ಮರುದಿನ ಟ್ರಿಪಾನ್ ಬ್ಲೂ ಬಣ್ಣ ಹಾಕಿ ನೂರಕ್ಕೆ 90 ಪಾಲು ಬದುಕಿವೆ ಎಂದು ಬರೆಯುವುದು ತಪ್ಪು. ಪೊರೆ ಸರಿಯಿದೆ ಎಂದಷ್ಟೇ ಅದು ಹೇಳುತ್ತದೆ.

ಸರಿಯಾದ ಅಳತೆ ಕಾಲೊನಿ ಎಣಿಕೆ, ಅಂದರೆ ಒಂದೊಂದು ಕೋಶದಿಂದ ಬೆಳೆದ ಗುಂಪುಗಳ ಎಣಿಕೆ. 1956ರಲ್ಲಿ ಪಕ್ ಮತ್ತು ಮಾರ್ಕಸ್ ಹೀಲಾ ಕೋಶಗಳಲ್ಲಿ ಇದನ್ನು ಮಾಡಿ ತೋರಿಸಿದರು. ಕೋಶಗಳನ್ನು ಟ್ರಿಪ್ಸಿನ್ನಿಂದ ಒಂದೊಂದಾಗಿ ಬಿಡಿಸಿ, ಎಣಿಸಿ ಬಿತ್ತಿ, ಹತ್ತರಿಂದ ಹದಿನಾಲ್ಕು ದಿನ ಅಲುಗಾಡಿಸದೆ ಬಿಟ್ಟು, ಕ್ರಿಸ್ಟಲ್ ವಯಲೆಟ್ ಹಚ್ಚಿ, 50 ಅಥವಾ ಹೆಚ್ಚು ಕೋಶಗಳಿರುವ ಗುಂಪುಗಳನ್ನು ಮಾತ್ರ ಎಣಿಸಬೇಕು. ವಿಕಿರಣವಿಲ್ಲದ ತಟ್ಟೆಯಲ್ಲಿ 200 ಬಿತ್ತಿದ್ದಕ್ಕೆ 120 ಕಾಲೊನಿ ಬಂದರೆ ಬಿತ್ತನೆಯ ದಕ್ಷತೆ 0.6. 4 ಗ್ರೇ ಕೊಟ್ಟ ತಟ್ಟೆಯಲ್ಲಿ 1,000 ಬಿತ್ತಿ 96 ಬಂದರೆ ಬದುಕುಳಿದ ಪಾಲು 96 ಭಾಗಿಸು 600, ಅಂದರೆ 0.16. ದಕ್ಷತೆಯಿಂದ ಭಾಗಿಸುವುದನ್ನು ಮರೆತರೆ 0.096 ಎಂದು ಬರೆದು ವಿಕಿರಣವನ್ನು ಇದ್ದದ್ದಕ್ಕಿಂತ ಕ್ರೂರವಾಗಿಸುತ್ತೇವೆ. ಕೋಶಗಳು ಜೋಡಿಜೋಡಿಯಾಗಿ ಅಂಟಿಕೊಂಡೇ ಬಿತ್ತಿದ್ದರೆ ಎದುರು ದಿಕ್ಕಿನ ತಪ್ಪು: ಎರಡರಲ್ಲಿ ಒಂದು ಸತ್ತರೂ ಕಾಲೊನಿ ಬರುತ್ತದೆ.

ಬದುಕುಳಿದ ಪಾಲನ್ನು ಡೋಸಿನೆದುರು ಲಾಗ್ ಪ್ರಮಾಣದಲ್ಲಿ ಬರೆದರೆ ಎಕ್ಸ್‌ರೇಗೆ ಭುಜವಿರುವ, ಕೆಳಗೆ ಬಾಗುವ ರೇಖೆ ಸಿಗುತ್ತದೆ. ಉಳಿಯುವ ಪಾಲು ಎಂದರೆ e ಸಂಖ್ಯೆಯ ಋಣ ಘಾತ, ಆ ಘಾತಾಂಕದಲ್ಲಿ ಎರಡು ಪದ: ಆಲ್ಫಾ ಗುಣಿಸು ಡೋಸ್, ಬೀಟಾ ಗುಣಿಸು ಡೋಸಿನ ವರ್ಗ (ಇಲ್ಲಿ ಆಲ್ಫಾ, ಬೀಟಾ ಕಣಗಳಲ್ಲ, ಆಯಾ ಕೋಶದ ಸ್ಥಿರಾಂಕಗಳು). ಎರಡೂ ಮುರಿತ ಒಂದೇ ಕಣದಿಂದಾದರೆ ಮೊದಲ ಪದ, ಬೇರೆಬೇರೆ ಕಣಗಳಿಂದಾದರೆ ಎರಡನೆಯದು ಎಂದು ಡೈಸೆಂಟ್ರಿಕ್ ಚಿತ್ರದಿಂದಲೇ ಅರ್ಥ ಮಾಡಿಕೊಳ್ಳಬಹುದು. ಬೇರೆ ಕಣಗಳ ನಡುವೆ ಸಮಯದ ಅಂತರ ಕೊಟ್ಟರೆ ಮೊದಲ ಮುರಿತ ಅಷ್ಟರಲ್ಲಿ ಸರಿಹೋಗುತ್ತದೆ, ಎರಡನೇ ಪದ ಕುಗ್ಗುತ್ತದೆ. ರೇಡಿಯೋಥೆರಪಿಯಲ್ಲಿ ದಿನಕ್ಕೆ 2 ಗ್ರೇಯಂತೆ ವಾರಗಟ್ಟಲೆ ಕೊಡುವುದರ ಜೀವಾಳ ಇಲ್ಲಿದೆ.

ಗೆಡ್ಡೆಯ ಕೋಶಕ್ಕೆ ಆಲ್ಫಾ 0.3, ಬೀಟಾ 0.03 ಇರಲಿ, ಅನುಪಾತ 10. ಒಮ್ಮೆಲೇ 8 ಗ್ರೇ ಕೊಟ್ಟರೆ ಘಾತಾಂಕ 4.32, ಉಳಿಯುವ ಪಾಲು 0.013. ನಾಲ್ಕು ದಿನ 2 ಗ್ರೇಯಂತೆ ಕೊಟ್ಟರೆ ಘಾತಾಂಕ 2.88, ಉಳಿಯುವುದು 0.056. ಸುಮಾರು ನಾಲ್ಕು ಪಟ್ಟು ಹೆಚ್ಚು ಉಳಿದವು. ಈಗ ಬೆನ್ನುಹುರಿಯಂಥ, ತಡವಾಗಿ ಪ್ರತಿಕ್ರಿಯಿಸುವ ಆರೋಗ್ಯವಂತ ಅಂಗಾಂಶಕ್ಕೆ ಆಲ್ಫಾ 0.15, ಬೀಟಾ 0.05, ಅನುಪಾತ 3 ಇಟ್ಟು ನೋಡಿ. ಒಮ್ಮೆಲೇ 8 ಗ್ರೇಗೆ 0.012, ನಾಲ್ಕು ಕಂತಿಗೆ 0.135. ಹನ್ನೊಂದು ಪಟ್ಟು ಉಳಿಯಿತು. ಕಂತು ಮಾಡಿದ್ದರಿಂದ ಗೆಡ್ಡೆಗಿಂತ ಬೆನ್ನುಹುರಿಗೆ ಹೆಚ್ಚು ಲಾಭ. ಸಂಖ್ಯೆಗಳು ಉದಾಹರಣೆಗೆ ಆರಿಸಿದವು, ಅನುಪಾತಗಳು ಮಾತ್ರ ಪಠ್ಯಗಳಲ್ಲಿ ಬಳಸುವಂಥವೇ.

ಕಂತು ಮಾಡಿದಾಗ ಗೆಡ್ಡೆಯ ಕೋಶಗಳೂ ಹೆಚ್ಚು ಉಳಿಯುವ ನಷ್ಟವನ್ನು ಆಮ್ಲಜನಕ ಸ್ವಲ್ಪ ತುಂಬಿಕೊಡುತ್ತದೆ. ಡಿಎನ್‌ಎ ಮೇಲೆ ಹುಟ್ಟಿದ ರ‍್ಯಾಡಿಕಲ್‌ಗೆ ಆಮ್ಲಜನಕ ಅಂಟಿದರೆ ಗಾಯ ಕಾಯಂ ಆಗುತ್ತದೆ. ಆಮ್ಲಜನಕವಿಲ್ಲದಿದ್ದರೆ ಅದೇ ಪರಿಣಾಮಕ್ಕೆ 2.5ರಿಂದ 3 ಪಟ್ಟು ಡೋಸ್ ಬೇಕು. ರಕ್ತನಾಳದಿಂದ ನೂರೈವತ್ತು ಮೈಕ್ರಾನಿನ ಆಸುಪಾಸು ದೂರವಾದರೆ ಗೆಡ್ಡೆಯ ಕೋಶಕ್ಕೆ ಆಮ್ಲಜನಕ ತಲುಪುವುದಿಲ್ಲ. ಒಂದು ಕಂತಿನಲ್ಲಿ ಹತ್ತಿರದವು ಸತ್ತ ಮೇಲೆ ದೂರದವಕ್ಕೆ ಆಮ್ಲಜನಕ ಸಿಕ್ಕಿ ಮುಂದಿನ ಕಂತಿಗೆ ಸೂಕ್ಷ್ಮವಾಗುತ್ತವೆ. ಆಲ್ಫಾ ಕಣದಂಥ ದಟ್ಟ ಅಯಾನೀಕರಣಕ್ಕೆ ಈ ವ್ಯತ್ಯಾಸ ಇರುವುದಿಲ್ಲ.

ಅಂಗಾಂಶದ ಗಡಿಯಾರ

ಹೆಚ್ಚಿನ ಕೋಶಗಳು ವಿಭಜನೆಗೆ ಹೋದಾಗಲೇ ಸಾಯುವುದರಿಂದ, ರೋಗಲಕ್ಷಣ ಎಂದು ಕಾಣುತ್ತದೆ ಎಂಬುದು ಆಯಾ ಅಂಗಾಂಶದ ಕೋಶ ಎಷ್ಟು ಬೇಗ ಬದಲಾಗುತ್ತದೆ ಎಂಬುದರ ಮೇಲೆ ನಿಂತಿದೆ. ಸಣ್ಣಕರುಳಿನ ಒಳಪದರ ಮೂರರಿಂದ ಐದು ದಿನಕ್ಕೊಮ್ಮೆ ಹೊಸದಾಗುತ್ತದೆ, ಆದ್ದರಿಂದ 10 ಗ್ರೇ ಮೀರಿದ ಡೋಸಿನಲ್ಲಿ ಒಂದು ವಾರದೊಳಗೆ ಕರುಳು ಬರಿದಾಗುತ್ತದೆ. ಮೂಳೆಮಜ್ಜೆಯ ಆಕರಕೋಶಗಳು ಸತ್ತರೂ ರಕ್ತದಲ್ಲಿ ಆಗಲೇ ಇರುವ ಕೋಶಗಳು ತಮ್ಮ ಆಯುಸ್ಸು ಮುಗಿಸುವವರೆಗೆ ಓಡಾಡುತ್ತವೆ. ನ್ಯೂಟ್ರೋಫಿಲ್ ಮತ್ತು ಪ್ಲೇಟ್‌ಲೆಟ್‌ಗಳ ಕುಸಿತ ವಾರಗಳಲ್ಲಿ ಕಾಣುತ್ತದೆ. ಕೆಂಪು ಕಣದ ಆಯುಸ್ಸು 120 ದಿನ, ಅದರ ಸಂಖ್ಯೆ ಕೊನೆಗೆ ಇಳಿಯುತ್ತದೆ. ಲಿಂಫೋಸೈಟು ಈ ನಿಯಮಕ್ಕೆ ಸೇರದು. ವಿಭಜನೆಗೆ ಕಾಯದೆ ಪಿ53 ಮೂಲಕ ಆತ್ಮನಾಶ ಮಾಡಿಕೊಂಡು ಒಂದೆರಡು ದಿನಗಳಲ್ಲೇ ಕುಸಿಯುತ್ತದೆ. ಅಪಘಾತದ ಮೊದಲ ದಿನ ಆರು ಗಂಟೆಗೊಮ್ಮೆ ಲಿಂಫೋಸೈಟ್ ಎಣಿಕೆ ಬರೆದಿಡಲು ಹೇಳುವುದು ಇದಕ್ಕೇ.

ಕಣ್ಣಿನ ಮಸೂರ ಇನ್ನೂ ವಿಚಿತ್ರ. ಅದರ ಅಂಚಿನಲ್ಲಿ ಮಾತ್ರ ಕೋಶಗಳು ವಿಭಜನೆಯಾಗಿ, ಕೇಂದ್ರ ಕಳೆದುಕೊಂಡು ಪಾರದರ್ಶಕ ನಾರುಗಳಾಗುತ್ತವೆ. ಹಾನಿಗೊಂಡ ಕೋಶ ಸರಿಯಾದ ನಾರಾಗದೆ ಮಸೂರದ ಹಿಂಬದಿಗೆ ಸರಿದು ಕೂರುತ್ತದೆ. ರಕ್ತನಾಳವಿಲ್ಲದ ಆ ಜಾಗದಲ್ಲಿ ಅದನ್ನು ಎತ್ತಿ ಹಾಕುವವರಿಲ್ಲ, ಹಾಗಾಗಿ ವರ್ಷಗಳ ನಂತರ ಕಣ್ಣಿನ ಪೊರೆಯಾಗಿ (ಕ್ಯಾಟರಾಕ್ಟ್) ಕಾಣುತ್ತದೆ. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 2011ರಲ್ಲಿ ಮಸೂರದ ಹೊಸ್ತಿಲು ಡೋಸನ್ನು, ಅಂದರೆ ಹಾನಿ ಕಾಣಿಸತೊಡಗುವ ಡೋಸನ್ನು, 0.5 ಗ್ರೇಗೆ ಇಳಿಸಿ, ವೃತ್ತಿನಿರತರ ಮಿತಿಯನ್ನು (ತೂಕಾಂಕ ಗುಣಿಸಿದ ಡೋಸಿನಲ್ಲಿ) ವರ್ಷಕ್ಕೆ 150 ಮಿಲಿಸೀವರ್ಟ್‌ನಿಂದ ಐದು ವರ್ಷಗಳ ಸರಾಸರಿ 20ಕ್ಕೆ ತರಲು ಶಿಫಾರಸು ಮಾಡಿತು. ಎಕ್ಸ್‌ರೇ ನೋಡುತ್ತ ಹೃದಯದ ಚಿಕಿತ್ಸೆ ಮಾಡುವ ಕ್ಯಾಥ್ ಲ್ಯಾಬಿನಲ್ಲಿ ಸೀಸದ ಏಪ್ರನ್ ಧರಿಸಿ ಚಾವಣಿಯಿಂದ ತೂಗುವ ಸೀಸದ ಗಾಜನ್ನು ಪಕ್ಕಕ್ಕೆ ಸರಿಸಿ ಕೆಲಸ ಮಾಡುವವರ ಎದೆಯ ಬ್ಯಾಡ್ಜ್ ಈ ಮಸೂರದ ಡೋಸ್ ತೋರಿಸುವುದಿಲ್ಲ. ಅದಕ್ಕೆ ಕಣ್ಣಿನ ಹತ್ತಿರ, ಎಕ್ಸ್‌ರೇ ಟ್ಯೂಬಿನ ಕಡೆಯ ಬದಿಗೆ ಬೇರೆ ಡೋಸಿಮೀಟರ್ ಬೇಕು.